ಸೇತುವೆಯ ಒಡೆಯ ಯಾರು, ಕಾವಲಿನ ಕಣ್ಣು ಯಾರದು?

ನಿಡಘಟ್ಟದ ಕಡೆಯ ಶಾಲೆಯೊಂದರಲ್ಲಿ ನಾನು ಸಮಾಜ ಪಾಠ ಹೇಳುತ್ತಿದ್ದ ಕಾಲದ ಮಾತು. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಏಳನೆಯ ತರಗತಿಯ ಹುಡುಗರನ್ನು ಹೊರಸಂಚಾರಕ್ಕೆ ಕರೆದುಕೊಂಡು ಹೋಗಿದ್ದೆ. ಬೆಂಗಳೂರು–ಮೈಸೂರು ರೈಲು ದಾರಿಯ ಒಂದು ಚಿಕ್ಕ ಸೇತುವೆಯ ಕೆಳಗೆ, ಹಳ್ಳದ ಒಣ ಮರಳಿನ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು. ತಲೆಯ ಮೇಲೆ ರೈಲು ಗುಡುಗಿಕೊಂಡು ಹೋಯಿತು. ಕಂಬದ ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದಿದ್ದ ಸೇತುವೆಯ ಸಂಖ್ಯೆಯನ್ನೂ ಕೆಂಪು ಅಡ್ಡಗೆರೆಯನ್ನೂ ನೋಡುತ್ತಿದ್ದ ಹುಡುಗನೊಬ್ಬ ಕೇಳಿದ: "ಸಾರ್, ಈ ಸೇತುವೆ ಗಟ್ಟಿಯಾಗೈತೆ ಅಂತ ಹೇಳೋರು ಯಾರು? ಕಟ್ಟಿದೋರೇ ಹೇಳ್ತಾರಾ?"

"ಸರ್ಕಾರ ಹೇಳುತ್ತದಪ್ಪ" ಎಂದು ಜಾರಿಕೊಂಡೆ. ಹಳಿಯ ಮೇಲೆ ಸುತ್ತಿಗೆ ಹೆಗಲಿಗೇರಿಸಿಕೊಂಡು ಬರುತ್ತಿದ್ದ ಗ್ಯಾಂಗಿನ ಹಿರಿಯರೊಬ್ಬರು ನಿಂತು ನಮ್ಮ ಮಾತು ಕೇಳಿಸಿಕೊಂಡು ನಕ್ಕರು. "ಮೇಷ್ಟ್ರೇ, ಸಾಹೇಬ್ರು ವರ್ಸಕ್ಕೊಂದ್ಸಲ ಬಂದು ನೋಡ್ಕಂಡು ಹೋಯ್ತಾರೆ. ನೀರು ಹೇಳಿ ಕೇಳಿ ಬತ್ತದಾ?" ಎಂದು ಹೇಳಿ ಮುಂದೆ ನಡೆದರು.

ಹುಡುಗನ ಪ್ರಶ್ನೆಯೂ ಆ ಹಿರಿಯರ ಮಾತೂ ನನ್ನನ್ನು ಬಿಡಲಿಲ್ಲ. ನಿವೃತ್ತನಾದ ಮೇಲೆ ಸಿಕ್ಕಿದ ಬಿಡುವಿನಲ್ಲಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಟ್ಟಿದವನ ಮಾತನ್ನೇ ನಂಬಬೇಕೆ, ಅಥವಾ ಬೇರೊಂದು ಕಣ್ಣು ಇರಬೇಕೆ ಎಂಬುದೇ ರೈಲ್ವೆಗಳ ಇತಿಹಾಸದ ಒಂದು ದೊಡ್ಡ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ನಮ್ಮ ಮದ್ದೂರು ಸೀಮೆಯ ಹಳಿಗಳೇ ಅರ್ಧ ಪಾಠ ಹೇಳುತ್ತವೆ.

ರೈಲು ಬರುವುದಕ್ಕೆ ಮುಂಚಿನ ಒಂದು ಸಂಗತಿಯಿಂದ ಆರಂಭಿಸುತ್ತೇನೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರಕ್ಕೆ ಹೋದವರು ಕಾವೇರಿಯ ಕವಲುಗಳಿಗೆ ಅಡ್ಡಲಾಗಿ ಕಲ್ಲುಕಂಬಗಳ ಮೇಲೆ ನಿಂತ ಹಳೆಯ ಸೇತುವೆಗಳನ್ನು ನೋಡಿರುತ್ತೀರಿ. 1830ರ ಆಸುಪಾಸಿನಲ್ಲಿ ಅವನ್ನು ಕಟ್ಟಿಸಿದವರು ರಾಮಸ್ವಾಮಿ ಮೊದಲಿಯಾರರೆಂಬ ಖಾಸಗಿ ವ್ಯಕ್ತಿ. ಮೈಸೂರಿನ ರೆಸಿಡೆಂಟರ ಬಳಿ ಕೆಲಸದಲ್ಲಿದ್ದವರು. ಮೆಚ್ಚಿದ ಸರ್ಕಾರಗಳು 'ಜನೋಪಕಾರ ಕಾಮಕರ್ತ' ಎಂಬ ಬಿರುದನ್ನೂ ಜಹಗೀರನ್ನೂ ಕೊಟ್ಟವು. ಶಿವನಸಮುದ್ರದ ಜಹಗೀರುದಾರರೆಂದೇ ಆ ಮನೆತನ ಹೆಸರಾಯಿತು. ಅಲ್ಲಿ ಸೇತುವೆಯ ಒಡೆಯನೂ ಸೇತುವೆಯೂ ಒಂದೇ ಊರಿನಲ್ಲಿದ್ದರು. ಒಂದು ಕಲ್ಲು ಸಡಿಲಗೊಂಡರೆ ಒಡೆಯನ ಮನೆಬಾಗಿಲಿಗೆ ಸುದ್ದಿ ಬರುತ್ತಿತ್ತು. ಸೇತುವೆ ಬಿದ್ದರೆ ಹೋಗುವುದು ಅವನದೇ ಹೆಸರು. ಇಂಥ ಒಡೆತನದಲ್ಲಿ ಮಾನಾಭಿಮಾನವೇ ಕಾವಲು. ಆದರೆ ಮಾನಾಭಿಮಾನ ತಲೆಮಾರಿನಿಂದ ತಲೆಮಾರಿಗೆ ಆಸ್ತಿಯಂತೆ ಇಳಿದು ಬರುವುದಿಲ್ಲ. ಅವುಗಳಲ್ಲಿ ಒಂದು ಸೇತುವೆಯ ಭಾಗ 2018ರ ಕಾವೇರಿ ನೆರೆಯಲ್ಲಿ ಕೊಚ್ಚಿಹೋದಾಗ ಅದು ಒಡೆಯನಿಲ್ಲದ ಹಳೆಯ ಸ್ಮಾರಕವಾಗಿ ನಿಂತಿತ್ತು.

ರೈಲ್ವೆ ಕಂಪನಿಗಳ ಕಥೆ ಇದಕ್ಕಿಂತ ಬೇರೆ. ಅಲ್ಲಿ ಸೇತುವೆ ಹಿಂದೂಸ್ಥಾನದಲ್ಲಿ, ಒಡೆಯರು ಲಂಡನ್ನಿನಲ್ಲಿ. 1849ರ ಒಪ್ಪಂದಗಳ ಪ್ರಕಾರ ಈಸ್ಟ್ ಇಂಡಿಯನ್, ಗ್ರೇಟ್ ಇಂಡಿಯನ್ ಪೆನಿನ್ಸುಲಾ ಮೊದಲಾದ ಖಾಸಗಿ ಕಂಪನಿಗಳಿಗೆ, ಲಾಭ ಬಂದರೂ ಬರದಿದ್ದರೂ, ಹೂಡಿದ ಹಣದ ಮೇಲೆ ನೂರಕ್ಕೆ 5ರಂತೆ ಬಡ್ಡಿಯ ಖಾತರಿ ಇತ್ತು. ಆ ಬಡ್ಡಿಯ ಹಣ ಬರುತ್ತಿದ್ದುದು ನಮ್ಮ ರೈತರ ಕಂದಾಯದಿಂದ. ಇದಕ್ಕೆ ಪ್ರತಿಯಾಗಿ ಸರ್ಕಾರವು 'ಕನ್ಸಲ್ಟಿಂಗ್ ಎಂಜಿನಿಯರ್' ಎಂಬ ಅಧಿಕಾರಿಗಳನ್ನು ನೇಮಿಸಿ, ಕಂಪನಿಯ ಖರ್ಚನ್ನೂ ಕೆಲಸವನ್ನೂ ನೋಡಿಕೊಳ್ಳುವ ವ್ಯವಸ್ಥೆ ಮಾಡಿತು. ಖಾಸಗಿ ಸೇತುವೆಯ ಮೇಲೆ ಸರ್ಕಾರದ ಕಣ್ಣು ನಮ್ಮ ದೇಶದಲ್ಲಿ ಮೊದಲು ಬಿದ್ದದ್ದು ಹೀಗೆ. ಆದರೆ ಆ ಕಣ್ಣು ಹೆಚ್ಚಾಗಿ ನೋಡುತ್ತಿದ್ದುದು ಲೆಕ್ಕದ ಪುಸ್ತಕವನ್ನು. ಮುಂಬಯಿ–ಪುಣೆ ನಡುವಿನ ಭೋರ್ ಘಾಟಿನಲ್ಲಿ ಕಟ್ಟಿದ ಎತ್ತರದ ಕಲ್ಲು ಸೇತುವೆಯೊಂದು, ಘಾಟಿಯ ದಾರಿ ತೆರೆದು ಐದು ವರ್ಷವೂ ತುಂಬುವ ಮೊದಲೇ, 1867ರಲ್ಲಿ ಕುಸಿದುಬಿತ್ತು. ಗಾರೆ ಕೆಲಸ ಕಳಪೆಯಾಗಿತ್ತು. ಆ ಕಂಪನಿಯ ಇನ್ನೂ ಹಲವು ಸೇತುವೆಗಳನ್ನು ಮತ್ತೆ ಕಟ್ಟಬೇಕಾಯಿತು. ಖಾತರಿಯ ಬಡ್ಡಿ ಇದ್ದವನಿಗೆ ಸೇತುವೆ ಬಿದ್ದರೂ ಬಡ್ಡಿ ಬೀಳುವುದಿಲ್ಲವೆಂಬುದನ್ನು ಜನ ಆಗ ಕಂಡರು.

ಇನ್ನು ನಮ್ಮ ದಾರಿಗೆ ಬರೋಣ. 1876–78ರ ಭೀಕರ ಬರದ ನಂತರ, ಮೈಸೂರು ಸಂಸ್ಥಾನವು ತನ್ನ ಸ್ವಂತ ಬೊಕ್ಕಸದಿಂದ ಬೆಂಗಳೂರು–ಮೈಸೂರು ನಡುವೆ 86 ಮೈಲಿಯ ಮೀಟರ್ ಗೇಜ್ ದಾರಿಯನ್ನು ಹಾಕಿತು. ಹಸಿದವರಿಗೆ ಕೂಲಿ, ನಾಡಿಗೆ ದಾರಿ, ಮುಂದಿನ ಬರಕ್ಕೆ ಧಾನ್ಯ ತರುವ ಗಾಡಿ, ಹೀಗೆ ಅದರ ಹಿಂದೆ ಹಲವು ಲೆಕ್ಕಾಚಾರಗಳಿದ್ದವು. 1881ರಲ್ಲಿ ರಾಜ್ಯವು ಚಾಮರಾಜ ಒಡೆಯರಿಗೆ ಮರಳಿತು, ರಂಗಾಚಾರ್ಲು ದಿವಾನರಾದರು. 1882ರ ಹೊತ್ತಿಗೆ ರೈಲು ಚನ್ನಪಟ್ಟಣ, ಶೆಟ್ಟಿಹಳ್ಳಿ, ಮದ್ದೂರು, ಮಂಡ್ಯಗಳನ್ನು ದಾಟಿ ಮೈಸೂರು ತಲುಪಿತು. ಮದ್ದೂರಿನಲ್ಲಿ ಶಿಂಷಾ ನದಿಗೆ 1850ರಷ್ಟು ಹಿಂದೆಯೇ ಏಳು ಕಮಾನುಗಳ ಇಟ್ಟಿಗೆಯ ರಸ್ತೆ ಸೇತುವೆ ಇತ್ತು. ಈಗ ರೈಲೂ ಆ ನದಿಯನ್ನು ದಾಟತೊಡಗಿತು.

ಕಟ್ಟಿಸಿದ್ದು ಸಂಸ್ಥಾನ. ಆದರೆ ನಡೆಸಿದ್ದು ಹೆಚ್ಚು ಕಾಲ ಸಂಸ್ಥಾನವಲ್ಲ. ದಾರಿಯನ್ನು ಉತ್ತರಕ್ಕೆ ಹರಿಹರದ ತನಕ ಒಯ್ಯಲು ಹಣ ಬೇಕಾಗಿತ್ತು. 1886ರಲ್ಲಿ, ಶೇಷಾದ್ರಿ ಅಯ್ಯರರ ದಿವಾನಗಿರಿಯಲ್ಲಿ, ಸದರನ್ ಮರಾಠಾ ರೈಲ್ವೆ ಎಂಬ ಲಂಡನ್ನಿನ ಖಾಸಗಿ ಕಂಪನಿಗೆ ನಡೆಸುವ ಹೊಣೆಯನ್ನು ಒಪ್ಪಿಸಲಾಯಿತು. ನಮ್ಮ ಹಳ್ಳಿಯ ಭಾಷೆಯಲ್ಲಿ ಹೇಳುವುದಾದರೆ, ಗದ್ದೆ ಮಹಾರಾಜರದು, ಗೇಣಿದಾರ ಕಂಪನಿ. ಇನ್ನು ಮೂರನೆಯವನೊಬ್ಬನಿದ್ದ: ರೈಲ್ವೆ ಭೂಮಿಯ ಮೇಲಿನ ಅಧಿಕಾರವನ್ನು ತನ್ನ ಕೈಯಲ್ಲಿಟ್ಟುಕೊಂಡಿದ್ದ ಬ್ರಿಟಿಷ್ ಸರ್ಕಾರ. ಒಡೆಯ, ಗೇಣಿದಾರ, ಸರ್ಕಾರ, ಈ ಮೂವರ ನಡುವೆ ನಿಡಘಟ್ಟದ ಹಳ್ಳದ ಮೇಲಿನ ಸೇತುವೆ ನಿಂತಿತ್ತು.

ಗೇಣಿಯ ಗದ್ದೆಯನ್ನು ಬಲ್ಲವರಿಗೆ ಇದರ ತೊಡಕು ಬಿಡಿಸಿ ಹೇಳಬೇಕಾಗಿಲ್ಲ. ಗೇಣಿದಾರ ಬೆಳೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ, ಬದುವನ್ನು ಅಷ್ಟಾಗಿ ನೋಡುವುದಿಲ್ಲ. ಬದು ಹಾಕಿದ ಲಾಭ ಅವನಿಗೆ ಬರುವ ಮೊದಲೇ ಗೇಣಿ ಮುಗಿದಿರಬಹುದು. ಒಡೆಯನಾದರೋ, ಗೇಣಿ ಬಂದರೆ ಸಾಕೆಂದು ಸುಮ್ಮನಿರುತ್ತಾನೆ. ರೈಲಿನಲ್ಲಿ ಬೆಳೆಯೆಂದರೆ ಟಿಕೇಟು ಮತ್ತು ಸರಕಿನ ಬಾಡಿಗೆ, ಬದುವೆಂದರೆ ಸೇತುವೆ. ಅದಕ್ಕಾಗಿಯೇ ಗದ್ದೆಯಲ್ಲೂ ಪಾಲಿಲ್ಲದ, ಬೆಳೆಯಲ್ಲೂ ಪಾಲಿಲ್ಲದ ಒಬ್ಬ ನೋಡುಗ ಬೇಕಾಗುತ್ತಾನೆ.

ಈ ನೋಡುಗನ ಕಲ್ಪನೆ ಇಂಗ್ಲೆಂಡಿನಿಂದ ಬಂದದ್ದು. ಅಲ್ಲಿ ರೈಲ್ವೆಗಳೆಲ್ಲ ಖಾಸಗಿ ಕಂಪನಿಗಳವು. 1840ರ ಕಾಯಿದೆಯಿಂದ ಸರ್ಕಾರಿ ರೈಲ್ವೆ ಇನ್ಸ್‌ಪೆಕ್ಟರುಗಳು ಬಂದರು. 1842ರ ಕಾಯಿದೆಯಿಂದ, ಸುರಕ್ಷಿತವಲ್ಲವೆಂದು ಕಂಡ ದಾರಿಯ ಆರಂಭವನ್ನು ಮುಂದೂಡುವ ಅಧಿಕಾರ ಬಂತು. ಇನ್ಸ್‌ಪೆಕ್ಟರುಗಳು ಸೈನ್ಯದ ಎಂಜಿನಿಯರುಗಳು. ಕಂಪನಿಯ ಸಂಬಳ ತಿನ್ನುವವರಲ್ಲ. ಆದರೂ ಆ ವ್ಯವಸ್ಥೆಗೆ ಒಂದು ದೊಡ್ಡ ಪೆಟ್ಟು ಬಿತ್ತು. ಅದು ಬಿದ್ದದ್ದು ನಮ್ಮ ಮೈಸೂರು ದಾರಿಯ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲೇ.

ಸ್ಕಾಟ್ಲೆಂಡಿನ ಟೇ ನದಿಯ ಮೇಲೆ ಎರಡು ಮೈಲಿ ಉದ್ದದ ಸೇತುವೆಯನ್ನು ನಾರ್ತ್ ಬ್ರಿಟಿಷ್ ರೈಲ್ವೆ ಎಂಬ ಕಂಪನಿ ಕಟ್ಟಿಸಿತು. ವಿನ್ಯಾಸ ಥಾಮಸ್ ಬೌಚ್ ಎಂಬವರದು. 1878ರ ಫೆಬ್ರವರಿಯಲ್ಲಿ ಸರ್ಕಾರಿ ಇನ್ಸ್‌ಪೆಕ್ಟರ್ ಹಚಿನ್ಸನ್ ಮೂರು ದಿನ ಪರೀಕ್ಷಿಸಿ, ಭಾರ ಹೇರಿ ನೋಡಿ, ವೇಗಕ್ಕೆ ಮಿತಿ ಹಾಕಿ ಒಪ್ಪಿಗೆ ಕೊಟ್ಟರು. ಬಿರುಗಾಳಿ ಬೀಸುವಾಗ ರೈಲು ಹೋಗುವುದನ್ನು ನೋಡಬೇಕೆಂಬ ಇಚ್ಛೆಯನ್ನೂ ಬರೆದಿಟ್ಟರು. ನೋಡುವ ಅವಕಾಶ ಅವರಿಗೆ ಬರಲಿಲ್ಲ. 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಯಲ್ಲಿ ಸೇತುವೆಯ ನಡುಭಾಗವೇ ರೈಲಿನೊಂದಿಗೆ ನದಿಗೆ ಬಿತ್ತು. ಎಪ್ಪತ್ತರಷ್ಟು ಜನ ಸತ್ತರು, ಒಬ್ಬರೂ ಉಳಿಯಲಿಲ್ಲ. ವಿಚಾರಣೆಯಲ್ಲಿ ಹೊರಬಿದ್ದ ಒಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಸೇತುವೆಯನ್ನು ದಿನನಿತ್ಯ ನೋಡಿಕೊಳ್ಳಲು ನೇಮಿಸಿದ್ದ ನೋಬಲ್ ಎಂಬಾತ ಗಾರೆ ಕೆಲಸದಲ್ಲಿ ಪಳಗಿದವನು, ಕಬ್ಬಿಣದ ಕೆಲಸ ತಿಳಿದವನಲ್ಲ. ಕಂಬಗಳನ್ನು ಬಿಗಿದಿದ್ದ ಪಟ್ಟಿಗಳು ಸಡಿಲವಾಗಿ ಕಟಕಟಿಸುವುದನ್ನು ಕೇಳಿ, ಕಬ್ಬಿಣದ ಚೂರುಗಳನ್ನು ಸಂದಿಗೆ ಬಡಿದು ಸದ್ದಡಗಿಸಿದ್ದ. ರೋಗ ಹೋಗಲಿಲ್ಲ, ನರಳುವುದು ಮಾತ್ರ ನಿಂತಿತು. ಆರಂಭದ ದಿನ ನೋಡಿದ ದೊಡ್ಡ ಕಣ್ಣು ಬಿರುಗಾಳಿಯನ್ನು ಕಾಣಲಿಲ್ಲ. ದಿನವೂ ನೋಡುತ್ತಿದ್ದ ಚಿಕ್ಕ ಕಣ್ಣಿಗೆ ಕಂಡದ್ದರ ಅರ್ಥವಾಗಲಿಲ್ಲ.

ನಮ್ಮಲ್ಲಿ ಇದೆಲ್ಲ ಗಟ್ಟಿಯಾಗಿ ಕಾನೂನಿಗೆ ಇಳಿದದ್ದು 1890ರ ಭಾರತೀಯ ರೈಲ್ವೆ ಕಾಯಿದೆಯಲ್ಲಿ. ಅದರ ಪ್ರಕಾರ ಸರ್ಕಾರಿ ಇನ್ಸ್‌ಪೆಕ್ಟರನಿಗೆ ಮುಖ್ಯವಾಗಿ ಮೂರು ಕೆಲಸ: ಹೊಸ ದಾರಿಯನ್ನು ನೋಡಿ ಪ್ರಯಾಣಿಕರಿಗೆ ತೆರೆಯಬಹುದೆ ಎಂದು ಹೇಳುವುದು, ಕಾಲಕಾಲಕ್ಕೆ ತನಿಖೆ ಮಾಡುವುದು, ಅಪಘಾತವಾದರೆ ಕಾರಣ ವಿಚಾರಿಸುವುದು. ಪ್ರಮಾಣಪತ್ರ ಕೊಡುವಾಗ ಸೇತುವೆಗಳ ಬಲವನ್ನೂ ಅವನು ನೋಡಿರಬೇಕು. ದಾರಿ ಸರ್ಕಾರದ್ದಾಗಲಿ, ಸಂಸ್ಥಾನದ್ದಾಗಲಿ, ಕಂಪನಿಯದ್ದಾಗಲಿ, ಇನ್ಸ್‌ಪೆಕ್ಟರನ ಮಾತಿಲ್ಲದೆ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಇದು ಸಣ್ಣ ಸಂಗತಿಯಲ್ಲ. ಬಂಡವಾಳ ಹಾಕಿದವನ ಎದುರು, ಮೂರನೆಯ ದರ್ಜೆಯ ಮರದ ಹಲಗೆಯ ಮೇಲೆ ಕುಳಿತು ಮದ್ದೂರಿನಿಂದ ಮಂಡ್ಯದ ಸಂತೆಗೆ ಹೋಗುವ ಹೆಂಗಸಿನ ಪ್ರಾಣಕ್ಕೂ ಒಬ್ಬ ವಕೀಲನನ್ನು ಇಟ್ಟಂತಾಯಿತು.

ಆದರೆ ಕಾಯಿದೆ ಬಂದ ಮಾತ್ರಕ್ಕೆ ಹಳ್ಳ ಸುಮ್ಮನಾಗುವುದಿಲ್ಲ. 1897ರಲ್ಲಿ ನಮ್ಮ ಮದ್ದೂರಿನ ಬಳಿಯೇ, ನೆರೆಯಿಂದ ಬುಡ ಸಡಿಲಗೊಂಡ ಸೇತುವೆ ಕುಸಿದು ಮೈಲ್ ರೈಲು ಬಿದ್ದಿತು. ಬಹಳ ಮಂದಿ ಪ್ರಾಣ ಕಳೆದುಕೊಂಡರು. ಮದ್ದೂರು ಎಂದರೆ ವಡೆಯನ್ನು ನೆನೆಯುವ ನಾವು ಈ ದುರಂತವನ್ನು ಮರೆತಿದ್ದೇವೆ. ನಮ್ಮ ಸೀಮೆಯ ನೆಲವನ್ನು ಬಲ್ಲವರಿಗೆ ಇದರ ಕಾರಣ ಅಚ್ಚರಿ ತರಲಾರದು. ಇದು ಕೆರೆಗಳ ಸೀಮೆ. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ಮೇಲಿನ ಏರಿ ಒಡೆದರೆ ಸಾಲಾಗಿ ಕೆಳಗಿನವೂ ಒಡೆಯುತ್ತವೆ. ಆಗ ಮೊಳಕಾಲುದ್ದದ ಹಳ್ಳದಲ್ಲಿ ಆಳೆತ್ತರದ ನೀರು ಒಂದೇ ಗಳಿಗೆಯಲ್ಲಿ ನುಗ್ಗುತ್ತದೆ. ಸೇತುವೆಯ ಉಕ್ಕಿಗೆ ಏನೂ ಆಗುವುದಿಲ್ಲ. ಕಂಬದ ಬುಡದ ಮಣ್ಣು ಕೊಚ್ಚಿಹೋಗುತ್ತದೆ. ಕತ್ತಲಲ್ಲಿ ಚಾಲಕನಿಗೆ ಹಳಿಗಳು ನೇರವಾಗಿಯೇ ಕಾಣುತ್ತವೆ, ಕೆಳಗೆ ಆಧಾರವಿರುವುದಿಲ್ಲ.

ಸೇತುವೆಯ ಒಡೆಯ ಒಬ್ಬ, ಕೆರೆಯ ಒಡೆಯ ಇನ್ನೊಬ್ಬ. ಕಂಪನಿಯ ಎಂಜಿನಿಯರನಿಗೆ ಕೆರೆಯ ಏರಿಯ ಮೇಲೆ ಅಧಿಕಾರವಿಲ್ಲ. ಊರಿನ ನೀರಗಂಟಿಗೆ ರೈಲಿನ ಚಿಂತೆಯಿಲ್ಲ. ಈ ಕಂದರವನ್ನು ಮುಚ್ಚಲು, ಒಡೆದರೆ ರೈಲು ದಾರಿಗೆ ಅಪಾಯ ತರಬಲ್ಲ ಕೆರೆಗಳ ಪಟ್ಟಿಯೊಂದನ್ನು ರೈಲ್ವೆಯವರು ಇಟ್ಟುಕೊಳ್ಳುವ ಪದ್ಧತಿ ಬೆಳೆಯಿತು. ಮಳೆಗಾಲಕ್ಕೆ ಮುಂಚೆ ರೈಲ್ವೆಯವರೂ ರಾಜ್ಯ ಸರ್ಕಾರದ ನೀರಾವರಿಯವರೂ ಕೂಡಿ ಆ ಕೆರೆಗಳನ್ನು ನೋಡಬೇಕು. ಪಟ್ಟಿಯಿದ್ದರೂ ನೋಟ ಸೋತಾಗ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2005ರ ಅಕ್ಟೋಬರ್ 29ರಂದು, ಈಗಿನ ತೆಲಂಗಾಣದ ವಲಿಗೊಂಡದ ಬಳಿ ಕೆರೆಯೊಂದು ಒಡೆದು ಚಿಕ್ಕ ಸೇತುವೆ ಕೊಚ್ಚಿಹೋಯಿತು. ಡೆಲ್ಟಾ ಪ್ಯಾಸೆಂಜರ್ ಅದರೊಳಗೆ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. 1897ಕ್ಕೂ 2005ಕ್ಕೂ ನಡುವೆ ಕಂಪನಿಗಳು ಹೋದವು, ಸಂಸ್ಥಾನಗಳು ಹೋದವು. ನೀರಿನ ಸ್ವಭಾವ ಮಾತ್ರ ಬದಲಾಗಲಿಲ್ಲ.

ಮತ್ತೆ ಆ ಸರ್ಕಾರಿ ಕಣ್ಣಿನ ಕಥೆಗೆ ಬರುತ್ತೇನೆ. 1908ರಲ್ಲಿ ಸದರನ್ ಮರಾಠಾ ಕಂಪನಿ ಮದರಾಸು ರೈಲ್ವೆಯೊಡನೆ ಕೂಡಿಕೊಂಡಿತು. ಮೈಸೂರು ಸಂಸ್ಥಾನ ತನ್ನ ದಾರಿಗಳನ್ನು ಹಂತಹಂತವಾಗಿ ಮತ್ತೆ ತನ್ನ ಕೈಗೆ ತೆಗೆದುಕೊಂಡಿತು. ಬ್ರಿಟಿಷ್ ಇಂಡಿಯಾದಲ್ಲಿಯೂ ಒಂದೊಂದಾಗಿ ಕಂಪನಿಗಳು ಸರ್ಕಾರದ ವಶವಾದವು. ಆಗ ಯಾರೂ ಎಣಿಸದ ಒಂದು ವಿಚಿತ್ರ ಉಂಟಾಯಿತು. ಕಂಪನಿ ಇದ್ದಾಗ ಇನ್ಸ್‌ಪೆಕ್ಟರನು ಹೊರಗಿನವನಾಗಿದ್ದ. ಸರ್ಕಾರವೇ ಒಡೆಯನಾದ ಮೇಲೆ ಅವನು ಒಳಗಿನವನಾದ. ರೈಲನ್ನು ನಡೆಸುವ ರೈಲ್ವೆ ಬೋರ್ಡಿನ ಕೆಳಗೇ ರೈಲಿನ ತಪ್ಪು ಹುಡುಕುವ ಇನ್ಸ್‌ಪೆಕ್ಟರನೂ ಇದ್ದ. ಮುಖ್ಯೋಪಾಧ್ಯಾಯರ ಮೇಲಿನ ದೂರನ್ನು ಅದೇ ಶಾಲೆಯ ಸಹಶಿಕ್ಷಕ ವಿಚಾರಿಸಿದಂತೆ!

1937ರ ಜುಲೈಯಲ್ಲಿ ಪಾಟ್ನಾದ ಬಳಿ ಬಿಹ್ಟಾದಲ್ಲಿ ರೈಲು ಉರುಳಿ ನೂರಕ್ಕೂ ಹೆಚ್ಚು ಜನ ಸತ್ತರು. ಆ ಬಗೆಯ ಎಂಜಿನ್ನುಗಳ ಬಗ್ಗೆ ವಿಚಾರಿಸಲು ಇಂಗ್ಲೆಂಡಿನ ಮುಖ್ಯ ರೈಲ್ವೆ ಇನ್ಸ್‌ಪೆಕ್ಟರ್ ಮೌಂಟ್ ಅವರ ನೇತೃತ್ವದ ಸಮಿತಿ ಬಂತು. ಎಂಜಿನ್ನಿನ ವಿಚಾರದ ಜೊತೆಗೆ ಸಮಿತಿ ಇನ್ನೊಂದು ಮಾತನ್ನೂ ಎತ್ತಿತು: ನೋಡುವವನು ನಡೆಸುವವನ ಕೈಕೆಳಗೆ ಇರಬಾರದು. ಕೇಂದ್ರ ಶಾಸನಸಭೆ ಅದನ್ನು ಅನುಮೋದಿಸಿತು. 1941ರ ಮೇ ತಿಂಗಳಲ್ಲಿ ರೈಲ್ವೆ ತನಿಖಾ ವಿಭಾಗವನ್ನು ರೈಲ್ವೆ ಬೋರ್ಡಿನಿಂದ ಬಿಡಿಸಿ, ಅಂಚೆ ಮತ್ತು ವಿಮಾನ ಇಲಾಖೆಗೆ ಒಪ್ಪಿಸಿದರು. ರೈಲಿಗೂ ವಿಮಾನಕ್ಕೂ ಏನು ಸಂಬಂಧ ಎಂದು ನಗಬೇಡಿ. ಸಂಬಂಧ ಇಲ್ಲದಿರುವುದೇ ಅಲ್ಲಿಯ ಗುಣ. 1961ರಲ್ಲಿ ಅದಕ್ಕೆ ರೈಲ್ವೆ ಸುರಕ್ಷತಾ ಆಯೋಗ ಎಂಬ ಹೆಸರಾಯಿತು. ಇಂದಿಗೂ ಅದು ಇರುವುದು ನಾಗರಿಕ ವಿಮಾನಯಾನ ಸಚಿವಾಲಯದಲ್ಲಿ. ಮುಖ್ಯ ಕಚೇರಿ ಲಖನೌದಲ್ಲಿ, ದಕ್ಷಿಣ ವೃತ್ತದ ಕಚೇರಿ ನಮ್ಮ ಬೆಂಗಳೂರಿನಲ್ಲಿ. 1989ರ ಹೊಸ ರೈಲ್ವೆ ಕಾಯಿದೆಯೂ ಈ ವ್ಯವಸ್ಥೆಯನ್ನು ಉಳಿಸಿಕೊಂಡಿತು. ನಮ್ಮ ದಾರಿ ಬ್ರಾಡ್ ಗೇಜ್ ಆದಾಗ, ಅನಂತರ ಜೋಡಿ ಹಳಿಯಾದಾಗ, ವಿದ್ಯುತ್ ತಂತಿ ಬಂದಾಗ ಆಯುಕ್ತರ ಒಪ್ಪಿಗೆ ಬೇಕಾಗಿತ್ತು. ನಮ್ಮ ಮೆಟ್ರೊದ ಹೊಸ ಮಾರ್ಗ ಸಿದ್ಧವಾಗಿದ್ದರೂ ಏಕೆ ಬಿಡುತ್ತಿಲ್ಲವೆಂದು ಬೆಂಗಳೂರಿನ ನೆಂಟರು ಗೊಣಗುವಾಗ, ಮೆಟ್ರೊಗಾಗಿಯೇ ಇರುವ ಇಂಥದೇ ಒಬ್ಬ ಸುರಕ್ಷತಾ ಆಯುಕ್ತರಿಗಾಗಿ ಕಾಯುತ್ತಿದ್ದಾರೆಂದು ನಾನು ಹೇಳುತ್ತೇನೆ.

ಖಾಸಗಿ ಪಾಲಿನ ರೈಲು ದಾರಿ ಕರ್ನಾಟಕದಲ್ಲಿ ಹಳೆಯ ಕಥೆ ಮಾತ್ರವಲ್ಲ. ಹಾಸನ–ಮಂಗಳೂರು ದಾರಿಯನ್ನು ಬ್ರಾಡ್ ಗೇಜಿಗೆ ಬದಲಿಸಲು 2003ರಲ್ಲಿ ಒಂದು ಕಂಪನಿಯೇ ಹುಟ್ಟಿತು. ರೈಲ್ವೆ ಸಚಿವಾಲಯ, ಕರ್ನಾಟಕ ಸರ್ಕಾರ, ಜೊತೆಗೆ ಖಾಸಗಿ ಪಾಲುದಾರರು. ಸಕಲೇಶಪುರದಿಂದ ಸುಬ್ರಹ್ಮಣ್ಯದ ತನಕದ ಘಾಟಿಯಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. 2006ರಲ್ಲೇ ಗೂಡ್ಸ್ ಗಾಡಿಗಳು ಅದಿರು ಹೊತ್ತು ಇಳಿಯತೊಡಗಿದವು. ಜನರ ರೈಲು ಬಂದದ್ದು 2007ರ ಡಿಸೆಂಬರಿನಲ್ಲಿ. ಅದಿರು ಹೋಗುವಲ್ಲಿ ಆಳು ಏಕೆ ಹೋಗಬಾರದೆಂದು ಆಗ ಕರಾವಳಿಯಲ್ಲಿ ಅಸಮಾಧಾನವಿತ್ತು. ಕಾರಣ ಕಾಯಿದೆಯಲ್ಲೇ ಇದೆ. ಪ್ರಯಾಣಿಕರಿಗೆ ತೆರೆಯುವ ಮೊದಲು ಮಾತ್ರ ಆಯುಕ್ತರ ತನಿಖೆ ಮತ್ತು ಮಂಜೂರಾತಿ ಕಡ್ಡಾಯ. ಪಾಲುದಾರ ಯಾರಿದ್ದರೂ ಆ ಬಾಗಿಲು ಒಂದೇ. ಆ ಕಾಯುವಿಕೆಯನ್ನು ವಿಳಂಬವೆಂದು ಬೈಯುವ ಮುನ್ನ, ಅದನ್ನು 1890ರಿಂದ ಬಂದ ಆಸ್ತಿಯೆಂದೂ ನೋಡಬೇಕು.

ಖಾಸಗಿ ರೈಲ್ವೆಗಳ ದೊಡ್ಡ ನಾಡಾದ ಅಮೆರಿಕದಲ್ಲಿ ದಾರಿ ಬೇರೆ. 1876ರ ಡಿಸೆಂಬರಿನಲ್ಲಿ ಒಹಾಯೊ ಸಂಸ್ಥಾನದ ಆ್ಯಷ್ಟಬುಲಾದಲ್ಲಿ ಕಂಪನಿಯ ಸೇತುವೆ ಮುರಿದು ತೊಂಬತ್ತರಷ್ಟು ಜನ ಸತ್ತರೂ, ಸೇತುವೆಗಳ ಸುರಕ್ಷತೆಯ ಬಗ್ಗೆ ಕೇಂದ್ರ ಸರ್ಕಾರದ ಕಡ್ಡಾಯ ನಿಯಮ ಬಂದದ್ದು 2010ರಲ್ಲಿ. ಆ ನಿಯಮದಂತೆ ಸೇತುವೆಯನ್ನು ನೋಡುವವರು ಒಡೆಯನೇ ಗೊತ್ತುಮಾಡಿದ ಎಂಜಿನಿಯರುಗಳು. ಪ್ರತಿ ವರ್ಷ ಒಮ್ಮೆಯಾದರೂ ನೋಡಬೇಕು, ಬರೆದಿಡಬೇಕು. ಸರ್ಕಾರ ಆ ಬರಹವನ್ನು ಪರಿಶೀಲಿಸುತ್ತದೆ. ಅಂದರೆ ಸರ್ಕಾರ ನೋಡುವುದು ಸೇತುವೆಯನ್ನಲ್ಲ, ನೋಡುವವನನ್ನು. 2023ರ ಜೂನ್ 24ರಂದು ಮೊಂಟಾನಾದಲ್ಲಿ ಯೆಲ್ಲೊಸ್ಟೋನ್ ನದಿಯ ಮೇಲಿನ ರೈಲು ಸೇತುವೆ ಕುಸಿದು ಗೂಡ್ಸ್ ಗಾಡಿಯ ಡಾಂಬರು, ಗಂಧಕ ನೀರುಪಾಲಾದಾಗ, ಈ ನೋಟ ಸಾಕೇ ಎಂದು ಅಲ್ಲಿಯವರೂ ಕೇಳಿಕೊಂಡರು.

ನಮ್ಮದೇ ಸರಿಯೆಂದು ಬೀಗುವಂತಿಲ್ಲ. ದಾರಿ ತೆರೆದ ಮೇಲೆ ನಮ್ಮಲ್ಲೂ ವರ್ಷವರ್ಷದ ಸೇತುವೆ ತನಿಖೆ ಮಾಡುವವರು ರೈಲ್ವೆಯ ಎಂಜಿನಿಯರುಗಳೇ. ಆಯುಕ್ತರು ಪ್ರತಿ ಸೇತುವೆಯನ್ನೂ ನೋಡಲಾರರು. ಮಂಗಳೂರಿನಿಂದ ಹೊರಟ ಚೆನ್ನೈ ಮೈಲ್ 2001ರ ಜೂನ್ 22ರಂದು ಕಡಲುಂಡಿಯಲ್ಲಿ ಹೊಳೆಗೆ ಬಿದ್ದು ಐವತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡದ್ದು ಮದರಾಸು ರೈಲ್ವೆ ಕಂಪನಿಯ ಕಾಲದ ಹಳೆಯ ಸೇತುವೆಯ ಮೇಲೆ. ಬೆಂಗಳೂರಿನಿಂದ ಹೊರಟ ಐಲ್ಯಾಂಡ್ ಎಕ್ಸ್‌ಪ್ರೆಸ್ 1988ರ ಜುಲೈ 8ರಂದು ಕೇರಳದ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಸರೋವರಕ್ಕೆ ಬಿದ್ದಾಗ 105 ಜನ ಸತ್ತರು. ಸುಂಟರಗಾಳಿ ಕಾರಣವೆಂದು ಸುರಕ್ಷತಾ ಆಯುಕ್ತರ ವರದಿ ಹೇಳಿತು. ಅಲ್ಲಿಯ ಜನ ನಂಬಲಿಲ್ಲ. ಮತ್ತೊಂದು ವಿಚಾರಣೆ ನಡೆಸಬೇಕಾಯಿತು. ಕಣ್ಣು ಸ್ವತಂತ್ರವಾಗಿದ್ದರಷ್ಟೇ ಸಾಲದು, ಅದು ಕಂಡದ್ದನ್ನು ಜನ ನಂಬುವಂತೆಯೂ ಇರಬೇಕು. 2012ರಲ್ಲಿ ಅನಿಲ್ ಕಾಕೋಡ್ಕರ್ ಸಮಿತಿ ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳಿತು: ನಿಯಮ ಮಾಡುವವನು, ರೈಲು ನಡೆಸುವವನು, ತಪ್ಪು ಹಿಡಿಯುವವನು ಒಬ್ಬನೇ ಆಗಿರಬಾರದು, ಕಾನೂನಿನ ಬಲವುಳ್ಳ ಬೇರೆ ಸುರಕ್ಷತಾ ಪ್ರಾಧಿಕಾರ ಬೇಕು. ಆ ಸಲಹೆ ಪೂರ್ತಿಯಾಗಿ ಕೈಗೂಡಲಿಲ್ಲ.

ನೋಡುಗನೇ ಇಲ್ಲದಿದ್ದರೆ ಏನಾಗುತ್ತದೆ? 2022ರ ಅಕ್ಟೋಬರ್ 30ರ ಸಂಜೆ ಗುಜರಾತಿನ ಮೋರ್ಬಿಯಲ್ಲಿ ಅದನ್ನು ಕಂಡೆವು. ಅದು ಕಾಲ್ನಡೆಯ ತೂಗುಸೇತುವೆ, ರೈಲಿನದಲ್ಲ. ಆದರೆ ಕಥೆ ನಮ್ಮದನ್ನೇ ಹೋಲುತ್ತದೆ. ಕಟ್ಟಿಸಿದ್ದು ಸಂಸ್ಥಾನದ ದೊರೆ. ನಡೆಸಲು ವಹಿಸಿಕೊಂಡದ್ದು ಗಡಿಯಾರ ಮಾಡುವ ಖಾಸಗಿ ಕಂಪನಿ. ದುರಸ್ತಿ ಮಾಡಿ, ಪುರಸಭೆಯ ಯೋಗ್ಯತಾ ಪತ್ರವಿಲ್ಲದೆಯೇ ಬಾಗಿಲು ತೆರೆದು ಟಿಕೇಟು ಮಾರಿದರು. ನಾಲ್ಕೇ ದಿನಗಳಲ್ಲಿ 135 ಜನ ಸತ್ತರು. ಮುಖ್ಯ ಹಗ್ಗದ 49 ತಂತಿಗಳಲ್ಲಿ 22 ಮೊದಲೇ ತುಕ್ಕು ಹಿಡಿದಿದ್ದವೆಂದು ತನಿಖೆಯಲ್ಲಿ ಕಂಡುಬಂತು. ಒಡೆಯನಿದ್ದ, ಗೇಣಿದಾರನಿದ್ದ, ಮೂರನೆಯವನು ಮಾತ್ರ ಇರಲಿಲ್ಲ.

ಈಗ ನಿಡಘಟ್ಟ ಎಂದರೆ ಎಲ್ಲರಿಗೂ ನೆನಪಾಗುವುದು ಬೆಂಗಳೂರು–ಮೈಸೂರು ಹೆದ್ದಾರಿ. ಅದರ ಗುತ್ತಿಗೆಯನ್ನು ಎರಡು ತುಂಡು ಮಾಡಿದ್ದು ನಿಡಘಟ್ಟದಲ್ಲೇ: ಬೆಂಗಳೂರಿನಿಂದ ನಿಡಘಟ್ಟ ಒಂದು, ನಿಡಘಟ್ಟದಿಂದ ಮೈಸೂರು ಇನ್ನೊಂದು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಆ ಒಂದೇ ವರ್ಷದಲ್ಲಿ ನೂರಕ್ಕೂ ಹೆಚ್ಚು ಜನ ಅದರ ಮೇಲೆ ಸತ್ತರು. ಆಮೇಲೆ ಅಧಿಕಾರಿಗಳು ಬಂದು ನೋಡಿದರು. ಆಗಸ್ಟಿನಿಂದ ದ್ವಿಚಕ್ರ ವಾಹನ, ಆಟೋಗಳನ್ನು ನಿಷೇಧಿಸಿದರು. ರೈಲಿನಲ್ಲಿ ಮೊದಲು ಕಣ್ಣು, ಆಮೇಲೆ ಗಾಡಿ. ರಸ್ತೆಯಲ್ಲಿ ಮೊದಲು ಗಾಡಿ, ಆಮೇಲೆ ಹೆಣ, ಕೊನೆಗೆ ಕಣ್ಣು. ಅದೇ ನಿಡಘಟ್ಟದ ಬಯಲಿನಲ್ಲಿ ಎರಡು ದಾರಿಗಳು ಸಾಗುತ್ತವೆ, ಎರಡು ನ್ಯಾಯಗಳೂ ಸಾಗುತ್ತವೆ.

ಆ ಹುಡುಗನಿಗೆ ಈಗ ಹೆಂಡತಿ ಮಕ್ಕಳಿರಬೇಕು. ಎಲ್ಲಿದ್ದಾನೋ ತಿಳಿಯದು. ಸಿಕ್ಕಿದರೆ ಅಂದು ಜಾರಿಕೊಂಡ ಉತ್ತರವನ್ನು ಇಂದು ಹೀಗೆ ಹೇಳುತ್ತೇನೆ: ಅಪ್ಪಾ, ಕಟ್ಟಿದವನು ಗಟ್ಟಿಯೆಂದು ಹೇಳಿದರೆ ಸಾಲದು. ಅದರಿಂದ ದುಡಿಯುವವನು ಹೇಳಿದರೂ ಸಾಲದು. ಅದರಲ್ಲಿ ಪಾಲಿಲ್ಲದವನು ಬಂದು ನೋಡಿ ಹೇಳಬೇಕು, ಬೇಡವೆನ್ನುವ ಅಧಿಕಾರವೂ ಅವನಿಗಿರಬೇಕು. ಆದರೆ ಅವನು ನೋಡುವುದು ಒಂದು ದಿನ. ಉಳಿದ ದಿನಗಳಲ್ಲಿ, ಮಳೆಯ ರಾತ್ರಿಯಲ್ಲಿ ಲಾಟೀನು ಹಿಡಿದು ಹಳಿಯ ಮೇಲೆ ನಡೆದು, ಹಳ್ಳದ ನೀರು ಆ ಕೆಂಪು ಗೆರೆಯನ್ನು ಮುಟ್ಟಿತೇ ಎಂದು ಬಗ್ಗಿ ನೋಡುವವನು ಆ ಗ್ಯಾಂಗಿನ ಹಿರಿಯರಂಥವನೇ. ನೀರು ಗೆರೆ ಮುಟ್ಟಿತೆಂದು ಅವನು ಕೂಗಿದರೆ ರೈಲು ನಿಲ್ಲಬೇಕು. ಅವನ ಕೂಗಿಗೆ ರೈಲನ್ನು ನಿಲ್ಲಿಸುವ ಬಲ ಬರುವಂತೆ ಮಾಡುವುದೇ ಕಾಯಿದೆಯ ಕೆಲಸ. ಆಗ ಮಾತ್ರ, ಸೇತುವೆಯ ಒಡೆಯ ಯಾರೇ ಆಗಿರಲಿ, ಅದರ ಕೆಳಗೆ ನಾವು ಬುತ್ತಿ ಬಿಚ್ಚಬಹುದು. ಅದರ ಮೇಲೆ ನಮ್ಮವರು ನಿದ್ದೆ ಮಾಡುತ್ತಾ ಊರು ಸೇರಬಹುದು.